ಮಂಗಳ ಹಾಡದ ಆಟ

ಕಥೆ ಮುಗಿದು ದೀಪ ಹತ್ತಿದ ಮೇಲೂ ಪ್ರೇಕ್ಷಕರು ಎದ್ದುಹೋಗದೆ ಕುಳಿತಿರುವುದನ್ನು ನಾನು ಮೊದಲು ಕಂಡದ್ದು ಅಮೆರಿಕದ ಅತಿಮಾನವ ವೀರರ ಚಲನಚಿತ್ರಗಳಲ್ಲಿ. ನಮ್ಮ ಬಾಲ್ಯದಲ್ಲಿ ತೆರೆಯ ಮೇಲೆ ‘ಶುಭಂ’ ಎಂಬ ಅಕ್ಷರ ಮೂಡುವ ಮುನ್ನವೇ ಜನ ಕತ್ತಲಲ್ಲಿ ಚಪ್ಪಲಿ ತಡಕಿಕೊಂಡು ಬಾಗಿಲ ಕಡೆಗೆ ನಡೆಯುತ್ತಿದ್ದರು. ಇಲ್ಲಿ ಹಾಗಲ್ಲ. ಸಾವಿರಾರು ಕೆಲಸಗಾರರ ಹೆಸರುಗಳು ಕಪ್ಪು ತೆರೆಯ ಮೇಲೆ ಒಂದೇ ಸಮನೆ ಏರುತ್ತಿರುತ್ತವೆ. ಆದರೂ ಯಾರೂ ಅಲುಗುವುದಿಲ್ಲ. ಆ ಹೆಸರುಗಳ ಮೇಲಿನ ಗೌರವದಿಂದಲ್ಲ. ಅವುಗಳ ತುದಿಯಲ್ಲಿ ಬಾಲದಂತೆ ಅಂಟಿಕೊಂಡಿರುವ ಒಂದು ಪುಟ್ಟ ದೃಶ್ಯಕ್ಕಾಗಿ. ಆ ದೃಶ್ಯ ಈಗ ಮುಗಿದ ಕಥೆಗೆ ಸೇರಿದ್ದಲ್ಲ, ಮುಂದೆ ಬರಲಿರುವ ಕಥೆಗೆ ಸೇರಿದ್ದು.

ನಾನೂ ಹಾಗೆ ಕುಳಿತವನೇ. ಆದ್ದರಿಂದ ನನ್ನ ಮಾತುಗಳನ್ನು ದೂರದಲ್ಲಿ ನಿಂತ ವಿಮರ್ಶಕನ ತೀರ್ಪೆಂದು ತಿಳಿಯಬಾರದು. ಹನ್ನೊಂದು ವರ್ಷ ಶ್ರದ್ಧೆಯಿಂದ ನೋಡಿ, ಈಗ ಪ್ರೀತಿಯನ್ನೂ ಬೇಸರವನ್ನೂ ಸಮಸಮವಾಗಿ ಹೊತ್ತುಕೊಂಡಿರುವ ಒಬ್ಬ ಅಭಿಮಾನಿಯ ನಿವೇದನೆ ಇದು.

ಮೊದಲು ಪ್ರೀತಿಯ ವಿಚಾರ. ಈ ವೀರರು ಹುಟ್ಟಿದ್ದು ಸಿನಿಮಾದಲ್ಲಲ್ಲ, ಮಕ್ಕಳು ಕೊಳ್ಳುತ್ತಿದ್ದ ಅಗ್ಗದ ಚಿತ್ರಕಥೆಯ ಪುಸ್ತಕಗಳಲ್ಲಿ. 1938ರಲ್ಲಿ ಜೆರ‍್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್ ಈ ವಂಶದ ಹಿರಿಯ. ಅವನಿಗೆ ಗುಂಡು ತಗಲದು, ಅವನು ಆಕಾಶದಲ್ಲಿ ಹಾರಬಲ್ಲ. 1960ರ ದಶಕದಲ್ಲಿ ಮಾರ್ವೆಲ್ ಸಂಸ್ಥೆಯ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ ಮೊದಲಾದವರು ಈ ವಂಶಕ್ಕೆ ಬೇರೊಂದು ಗುಣವನ್ನು ತಂದರು. ಅದು ದೌರ್ಬಲ್ಯ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಒಬ್ಬ ಶಾಲಾ ಬಾಲಕ. ಕೈಯಲ್ಲಿ ಕಾಸಿಲ್ಲ, ಸಾಕಿದ ದೊಡ್ಡಪ್ಪನ ಸಾವಿಗೆ ತನ್ನ ಅಲಕ್ಷ್ಯವೇ ಕಾರಣವಾಯಿತೆಂಬ ಕೊರಗು ಬೇರೆ.

2004ರಲ್ಲಿ ಸ್ಯಾಮ್ ರೈಮಿ ನಿರ್ದೇಶಿಸಿದ ಈ ಬಾಲಕನ ಎರಡನೆಯ ಚಿತ್ರದಲ್ಲಿ ಒಂದು ಸನ್ನಿವೇಶವುಂಟು. ಹದ್ದುಮೀರಿ ಓಡುತ್ತಿರುವ ರೈಲನ್ನು ಅವನು ಮೈಯೆಲ್ಲ ಹರಿದುಹೋಗುವಂತೆ ಸೆಳೆದು ನಿಲ್ಲಿಸಿ, ಪ್ರಜ್ಞೆತಪ್ಪಿ ಬೀಳುತ್ತಾನೆ. ಪ್ರಯಾಣಿಕರು ಅವನನ್ನು ಕೈಯಿಂದ ಕೈಗೆ ಎತ್ತಿ ಒಳಗೆ ತಂದು ಮಲಗಿಸುತ್ತಾರೆ. ಮುಖವಾಡವಿಲ್ಲದ ಆ ಮುಖವನ್ನು ಕಂಡು, ಇವನಿನ್ನೂ ಹುಡುಗ ಎಂದು ಅವರು ಬೆರಗಾಗುತ್ತಾರೆ. ಇಬ್ಬರು ಮಕ್ಕಳು ಮುಖವಾಡವನ್ನು ಹಿಂದಿರುಗಿಸಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತಾರೆ. ಕಾಪಾಡಲು ಬಂದವನನ್ನೇ ಸಾಮಾನ್ಯ ಜನ ಕಾಪಾಡುವ ಆ ಗಳಿಗೆಯಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಇಂಥದನ್ನು ಬರಿಯ ಹೊಡೆದಾಟದ ಚಿತ್ರವೆಂದು ಯಾರಾದರೂ ತಳ್ಳಿಹಾಕಿದರೆ ಇಂದಿಗೂ ನಾನು ವಾದಕ್ಕೆ ನಿಲ್ಲುತ್ತೇನೆ.

ಇನ್ನು ಬೇಸರದ ವಿಚಾರ. ಅದು ಅರ್ಥವಾಗಬೇಕಾದರೆ ಈ ಉದ್ಯಮದ ರೀತಿಯನ್ನು ಸ್ವಲ್ಪ ತಿಳಿಯಬೇಕು. 1996ರಲ್ಲಿ ಮಾರ್ವೆಲ್ ಸಂಸ್ಥೆ ದಿವಾಳಿಯ ಅರ್ಜಿ ಹಾಕಿತ್ತು. ಕಷ್ಟದ ದಿನಗಳಲ್ಲಿ ಅದು ಸ್ಪೈಡರ್‌ಮ್ಯಾನ್‌ನಂಥ ಜನಪ್ರಿಯ ವೀರರ ಚಿತ್ರಹಕ್ಕುಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿತ್ತು. 2005ರಲ್ಲಿ, ಕೈಯಲ್ಲಿ ಉಳಿದಿದ್ದ ಪಾತ್ರಗಳ ಹಕ್ಕನ್ನು ಒತ್ತೆಯಿಟ್ಟು ಸಾಲದ ಏರ್ಪಾಡು ಮಾಡಿಕೊಂಡು ತಾನೇ ಚಿತ್ರ ತೆಗೆಯಲು ಹೊರಟಿತು. ಅದರ ಮೊದಲ ಫಲ 2008ರ ‘ಐರನ್ ಮ್ಯಾನ್’. ಆಯುಧಗಳನ್ನು ಮಾರಿ ಶ್ರೀಮಂತನಾದ ಟೋನಿ ಸ್ಟಾರ್ಕ್ ಅಫ್ಘಾನಿಸ್ತಾನದಲ್ಲಿ ತನ್ನದೇ ಕಂಪೆನಿಯ ಸಿಡಿಗುಂಡಿನಿಂದ ಗಾಯಗೊಂಡು ಸೆರೆಸಿಕ್ಕುತ್ತಾನೆ. ಗುಹೆಯೊಂದರಲ್ಲಿ ಕುಳಿತು ಸುತ್ತಿಗೆಯಿಂದ ಬಡಿದು ಬಡಿದು ಒಂದು ಕಬ್ಬಿಣದ ಕವಚವನ್ನು ಮಾಡಿಕೊಂಡು ಪಾರಾಗುತ್ತಾನೆ. ಆಯುಧ ಮಾರುವುದನ್ನು ನಿಲ್ಲಿಸುತ್ತಾನೆ. ಕಥೆ ಅಷ್ಟೇ. ಆದರೆ ಹೆಸರುಗಳೆಲ್ಲ ಮುಗಿದ ಮೇಲೆ ಒಬ್ಬ ಅಪರಿಚಿತ ಸ್ಟಾರ್ಕನ ಮನೆಯ ಕತ್ತಲಲ್ಲಿ ನಿಂತು, ಈ ಜಗತ್ತಿನಲ್ಲಿ ವೀರ ನೀನೊಬ್ಬನೇ ಅಲ್ಲ ಎಂಬರ್ಥದ ಮಾತಾಡುತ್ತಾನೆ. ಆ ಬಾಲದ ತುಂಡಿನಿಂದ ಒಂದು ಸಾಮ್ರಾಜ್ಯ ಬೆಳೆಯಿತು. 2009ರಲ್ಲಿ ಡಿಸ್ನಿ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲನ್ನು ಕೊಂಡಿತು. ಒಂದು ಚಿತ್ರದ ಪಾತ್ರ ಇನ್ನೊಂದಕ್ಕೆ ಅತಿಥಿಯಾಗಿ ಬರುವುದು, ಒಂದರ ತೊಡಕು ಮತ್ತೊಂದರಲ್ಲಿ ಬಿಡಿಸಿಕೊಳ್ಳುವುದು, ಹೀಗೆ ಹೆಣೆಯುತ್ತ ಹೆಣೆಯುತ್ತ 2019ರ ‘ಎಂಡ್‌ಗೇಮ್’ ಬರುವ ಹೊತ್ತಿಗೆ ಚಿತ್ರಗಳ ಸಂಖ್ಯೆ ಇಪ್ಪತ್ತೆರಡಾಗಿತ್ತು.

ಮೊದಲನೆಯ ಚಿತ್ರಕ್ಕೆ ನಾನು ಮಗಳನ್ನು ಕರೆದುಕೊಂಡು ಹೋದಾಗ ಅವಳಿಗೆ ಹತ್ತು ವರ್ಷ. ಇಪ್ಪತ್ತೆರಡನೆಯದಕ್ಕೆ ಅವಳು ಕೆಲಸದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದಳು. ಆ ಚಿತ್ರದಲ್ಲಿ ಸ್ಟಾರ್ಕ್ ಲೋಕವನ್ನುಳಿಸಲು ಪ್ರಾಣ ಕೊಡುತ್ತಾನೆ. ಪಕ್ಕದಲ್ಲಿ ಮಗಳು ಅಳುತ್ತಿದ್ದುದು ಕೇಳಿಸಿತು. ಹೆಸರುಗಳು ಏರಿದವು, ವಾಡಿಕೆಯಂತೆ ಕಾದೆವು. ಬಾಲದ ದೃಶ್ಯ ಬರಲಿಲ್ಲ. ಬದಲು, ಕಪ್ಪು ತೆರೆಯ ಹಿಂದಿನಿಂದ ಕಬ್ಬಿಣದ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳಿತು. ಹನ್ನೊಂದು ವರ್ಷದ ಹಿಂದೆ ಗುಹೆಯಲ್ಲಿ ಆ ಕವಚವನ್ನು ಬಡಿದ ಸದ್ದು. ಅಷ್ಟೇ, ಮುಗಿಯಿತು. ಇಬ್ಬರೂ ಮಾತಿಲ್ಲದೆ ಹೊರಗೆ ಬಂದೆವು. ನನಗೆ ದುಃಖವಾಗಿತ್ತು, ಅದಕ್ಕಿಂತ ಹೆಚ್ಚಾಗಿ ತೃಪ್ತಿಯಾಗಿತ್ತು.

ಆ ತೃಪ್ತಿಯ ಬಗೆಯನ್ನು ನಾನು ಚಿಕ್ಕಂದಿನಲ್ಲೇ ಬಲ್ಲೆ. ಕರಾವಳಿಯಲ್ಲಿ ಹುಟ್ಟಿದವನು ನಾನು. ಗದ್ದೆಯ ಬಯಲಿನಲ್ಲಿ ಚಾಪೆ ಹಾಸಿ ಕುಳಿತು ಕರ್ಣನ ಸಾವನ್ನು ಎಷ್ಟು ಸಲ ನೋಡಿದ್ದೇನೆಂಬ ಲೆಕ್ಕವಿಲ್ಲ. ಅತಿಮಾನವ ವೀರರ ಚಿತ್ರಗಳೆಂದರೆ ಹೊಸ ಕಾಲದ ಪುರಾಣಗಳೇ ಎಂದು ಹಲವರು ಹೇಳುತ್ತಾರೆ. ಒಂದು ಹಂತದವರೆಗೆ ನಾನೂ ಒಪ್ಪುತ್ತೇನೆ. ಗೊತ್ತಿರುವ ವೀರ, ಗೊತ್ತಿರುವ ವೇಷ, ಮತ್ತೆ ಮತ್ತೆ ನೋಡುವ ಚಪಲ, ಇವೆಲ್ಲ ಎರಡರಲ್ಲೂ ಸಮಾನ. ಆದರೆ ಯಕ್ಷಗಾನದ ಪ್ರಸಂಗ ಎಷ್ಟು ಸಲ ಮರಳಿ ಬಂದರೂ ಪ್ರತಿಸಲವೂ ಮುಗಿಯುತ್ತದೆ. ಕರ್ಣ ಸಾಯುತ್ತಾನೆ, ಭಾಗವತರು ಮಂಗಳ ಹಾಡುತ್ತಾರೆ, ಮೂಡಣದಲ್ಲಿ ಬೆಳಕು ಹರಿಯುತ್ತದೆ, ನಾವು ಚಾಪೆ ಸುತ್ತಿಕೊಂಡು ಮನೆಗೆ ನಡೆಯುತ್ತೇವೆ. ಕರ್ಣ ಬದುಕಿ ಬಂದನೆಂದು ಮರುವರ್ಷ ಯಾವ ಮೇಳವೂ ಡಂಗುರ ಸಾರುವುದಿಲ್ಲ. ಪುನರಾವರ್ತನೆ ಬೇರೆ, ಮುಂದುವರಿಕೆ ಬೇರೆ. ಪುನರಾವರ್ತನೆಯಲ್ಲಿ ಸಾವಿಗೆ ಬೆಲೆಯುಂಟು. ಕೊನೆಯಿಲ್ಲದ ಮುಂದುವರಿಕೆಯಲ್ಲಿ ಅದಿಲ್ಲ.

ಆ ಸುತ್ತಿಗೆಯ ಸದ್ದು ನಮ್ಮ ಪಾಲಿನ ಮಂಗಳವಾಗಿತ್ತು. ಅದರ ಆಯುಷ್ಯ ಎರಡೇ ತಿಂಗಳು. 2019ರ ಜೂನ್ ಕೊನೆಗೆ ಅದೇ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದರು. ಈ ಸಲ ಹೆಸರುಗಳ ಬಳಿಕ ಹಿಂದೆ ಕೈಬಿಟ್ಟಿದ್ದ ಒಂದು ತುಣುಕನ್ನೂ ಮುಂದೆ ಬರಲಿದ್ದ ಸ್ಪೈಡರ್‌ಮ್ಯಾನ್ ಚಿತ್ರದ ಇಣುಕುನೋಟವನ್ನೂ ಸೇರಿಸಿದ್ದರು. ಜುಲೈಯಲ್ಲಿ ಅದು ‘ಅವತಾರ್’ ಚಿತ್ರದ ಗಳಿಕೆಯನ್ನು ಮೀರಿಸಿ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತು. 2021ರವರೆಗೆ ಅಲ್ಲಿಯೇ ಇತ್ತು. 2017ರ ‘ಲೋಗನ್’ ಚಿತ್ರದಲ್ಲಿ ವುಲ್ವರಿನ್ ಎಂಬ ಮುದಿ ವೀರನ ಸಾವನ್ನು ಬಹು ಗಂಭೀರವಾಗಿ ತೋರಿಸಿದ್ದರು. 2024ರಲ್ಲಿ ಅವನನ್ನು ಮತ್ತೆ ತಂದ ಚಿತ್ರ ಆರಂಭವಾಗುವುದೇ ಆ ಗೋರಿಯನ್ನು ಅಗೆಯುವುದರಿಂದ. ಅದು ಹಾಸ್ಯವೆಂದು ನನಗೂ ಗೊತ್ತು. ನಗುವೂ ಬಂತು. ನಕ್ಕ ಮೇಲೆ ನಾಚಿಕೆಯಾಯಿತು.

ಹೀಗೇಕಾಗುತ್ತದೆ? ಸೀಗಲ್ ಮತ್ತು ಶುಸ್ಟರ್ ತಮ್ಮ ಸೂಪರ್‌ಮ್ಯಾನನನ್ನು ಮಾರಿದ್ದು 130 ಡಾಲರಿಗೆ. ಮುಪ್ಪಿನಲ್ಲಿ ಕಷ್ಟಕ್ಕೆ ಸಿಕ್ಕಿದ ಅವರಿಗೆ ವರ್ಷಾಶನ ದೊರೆತದ್ದು 1975ರಲ್ಲಿ, ಪತ್ರಿಕೆಗಳಲ್ಲಿ ಈ ಅನ್ಯಾಯದ ಗುಲ್ಲೆದ್ದ ಮೇಲೆ. ಸೃಷ್ಟಿಸಿದವರಿಗೆ ಆದ ಈ ಅನ್ಯಾಯದಲ್ಲೇ ಕಥೆಗೆ ಆದ ಅನ್ಯಾಯವೂ ಅಡಗಿದೆಯೆಂದು ನನ್ನ ಭಾವನೆ. ಕವಿಯಾದವನು ತನ್ನ ಕಥೆಯನ್ನು ಮುಗಿಸಬಲ್ಲ. ಮುಗಿಸುವುದೇ ಅವನ ಅಧಿಕಾರ. ಕಥೆಯೊಂದು ಆಸ್ತಿಯಾಗಿ ಕಂಪೆನಿಯ ಕೈಸೇರಿದ ಮೇಲೆ ಅದನ್ನು ಮುಗಿಸುವವರಾರು? ಫಲ ಬಿಡುತ್ತಿರುವ ಮರವನ್ನು ಯಾವ ಒಡೆಯನೂ ಕಡಿಯುವುದಿಲ್ಲ.

2019ರಲ್ಲಿಯೇ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಇವು ಸಿನಿಮಾಗಳಲ್ಲ, ತಿರುಗುವ ತೊಟ್ಟಿಲುಗಳ ವಿನೋದವನಗಳಂತೆ ಎಂಬರ್ಥದ ಮಾತಾಡಿದಾಗ ನನಗೆ ಸಿಟ್ಟು ಬಂದಿತ್ತು. ತೊಟ್ಟಿಲಲ್ಲಿ ಕುಳಿತವಳು ಸ್ಟಾರ್ಕನಿಗಾಗಿ ಅಳುತ್ತಾಳೆಯೇ ಎಂದು ಮನಸ್ಸಿನಲ್ಲೇ ಪ್ರತಿವಾದ ಹೂಡಿದ್ದೆ. ಆದರೆ 2021ರಿಂದ ಮನೆಯ ಪರದೆಗೆ ಧಾರಾವಾಹಿಗಳೂ ಬರತೊಡಗಿದವು. 2023ರ ‘ದಿ ಮಾರ್ವೆಲ್ಸ್’ ಚಿತ್ರವನ್ನು ಪೂರ್ತಿ ಹಿಡಿಯಬೇಕಾದರೆ ಹಿಂದಿನ ಒಂದು ಚಿತ್ರವನ್ನೂ ಎರಡು ಧಾರಾವಾಹಿಗಳನ್ನೂ ನೋಡಿರಬೇಕಾಗಿತ್ತು. ಅದರಲ್ಲಿ ಕಮಲಾ ಖಾನ್ ಎಂಬ ಪಾಕಿಸ್ತಾನಿ ಮೂಲದ ಹುಡುಗಿಯೊಬ್ಬಳು ಬರುತ್ತಾಳೆ. ಅವಳ ಮನೆಯವರ ಗದ್ದಲ, ಅಕ್ಕರೆ ಎಲ್ಲ ನಮ್ಮ ಮನೆಗಳದೇ. ಅಷ್ಟು ಚೆಂದದ ಪಾತ್ರವನ್ನು ಕಾಣಲು ಪರೀಕ್ಷೆಗೆ ಓದುವಂತೆ ಓದಿಕೊಂಡು ಹೋಗಬೇಕಾಯಿತು. ಈ ಸರಣಿಯ ಚಿತ್ರಗಳಲ್ಲಿ ಅತಿ ಕಡಿಮೆ ಗಳಿಸಿದ್ದು ಅದೇ. ಸ್ಕಾರ್ಸೆಸಿಯ ಮಾತು ಅರ್ಧ ನಿಜವೆಂದು ಆಗ ಒಪ್ಪಿದೆ. ಉಳಿದರ್ಧವನ್ನು ಒಪ್ಪಲಾರೆ, ಆ ರೈಲಿನ ಪ್ರಯಾಣಿಕರು ಒಪ್ಪಗೊಡುವುದಿಲ್ಲ.

2024ರ ಜುಲೈಯಲ್ಲಿ ಹೊಸ ಘೋಷಣೆಯಾಯಿತು. ಸ್ಟಾರ್ಕನಾಗಿ ಸತ್ತ ನಟ ರಾಬರ್ಟ್ ಡೌನಿ ಜೂನಿಯರ್ ಅದೇ ಸರಣಿಗೆ ಮರಳಿ, ಡೂಮ್ ಎಂಬ ಖಳನಾಗಿ ಬರುತ್ತಾನೆಂದು. ಆ ಸಂಜೆ ಮಗಳು ದೂರವಾಣಿಯಲ್ಲಿ, “ಅಪ್ಪಾ, ಸುದ್ದಿ ನೋಡಿದೆಯಾ?” ಎಂದಳು. ನೋಡಿದ್ದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. “ಅವತ್ತು ನಾನು ಅತ್ತದ್ದು ದಂಡವಾಯಿತಲ್ಲ” ಎಂದು ಅವಳೇ ನಕ್ಕಳು. ದಂಡವಾಗಲಿಲ್ಲವೆಂದು ಹೇಳಿದೆ. ನಾವು ಅತ್ತದ್ದು ಮುಗಿದ ಒಂದು ಕಥೆಗೆ; ಆ ಕಥೆ ನಮ್ಮ ಪಾಲಿಗೆ ಮುಗಿದೇ ಇರುತ್ತದೆ.

“ಹಾಗಾದರೆ ಹೊಸದಕ್ಕೆ ಬರುವುದಿಲ್ಲವಾ?” ಎಂದು ಕೇಳಿದಳು. ಬರುತ್ತೇನೆ, ಆದರೆ ಹೆಸರುಗಳು ಏರತೊಡಗಿದ ಕೂಡಲೇ ಎದ್ದುಬಿಡೋಣ ಎಂದೆ.

“ನಿನ್ನಿಂದಾಗುವುದಿಲ್ಲ, ಅಪ್ಪಾ” ಎಂದಳು. ಅವಳ ಮಾತು ನಿಜವಿರಬಹುದು.