ಷರತ್ತು ಒಂದು ಸೆಲ್‌ನಲ್ಲಿ, ಬಣ್ಣ ಇನ್ನೊಂದಕ್ಕೆ

ಎಕ್ಸೆಲ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಸೆಲ್‌ನ ಬಣ್ಣ ಅದೇ ಸೆಲ್‌ನ ಮೌಲ್ಯವನ್ನಷ್ಟೇ ಅವಲಂಬಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 'ಗ್ರೇಟರ್ ದ್ಯಾನ್', 'ಲೆಸ್ ದ್ಯಾನ್' ಮುಂತಾದ ಸಿದ್ಧ ನಿಯಮಗಳು ಹಾಗೆಯೇ ಕೆಲಸ ಮಾಡುವುದರಿಂದ ಈ ನಂಬಿಕೆ ಬೇರೂರಿದೆ. ಆದರೆ ನ್ಯೂ ರೂಲ್‌ನಲ್ಲಿರುವ 'ಯೂಸ್ ಎ ಫಾರ್ಮುಲಾ' ಆಯ್ಕೆಯಲ್ಲಿ ಷರತ್ತನ್ನು ಬೇರೆ ಸೆಲ್‌ನ ಮೇಲೂ ಇಡಬಹುದು. ಗೂಗಲ್ ಶೀಟ್ಸ್‌ನಲ್ಲಿ ಇದೇ ಕೆಲಸಕ್ಕೆ 'ಕಸ್ಟಮ್ ಫಾರ್ಮುಲಾ ಈಸ್' ಇದೆ.

ಸ್ವಸಹಾಯ ಸಂಘವೊಂದರ ಕಂತಿನ ಪಟ್ಟಿಯಲ್ಲಿ ಎ ಕಾಲಂನಲ್ಲಿ ಸದಸ್ಯರ ಹೆಸರು, ಬಿಯಲ್ಲಿ ಮೊತ್ತ, ಸಿಯಲ್ಲಿ ಗಡುವು, ಡಿಯಲ್ಲಿ 'ಬಾಕಿ' ಅಥವಾ 'ಪಾವತಿ' ಎಂದಿದೆ ಎಂದುಕೊಳ್ಳೋಣ. ಬಾಕಿ ಇರುವವರ ಇಡೀ ಸಾಲು ಕೆಂಪಾಗಬೇಕು. ಇದಕ್ಕೆ ಸಾಲಿಗೊಂದು ನಿಯಮ ಬೇಕೆಂದು ಹಲವರು ತಿಳಿಯುತ್ತಾರೆ, ಬೇಕಿಲ್ಲ. ಎ2ರಿಂದ ಡಿ40ರವರೆಗೆ ಆಯ್ದುಕೊಂಡು =$ಡಿ2="ಬಾಕಿ" ಎಂಬ ಒಂದೇ ಫಾರ್ಮುಲಾ ಕೊಟ್ಟರೆ ಸಾಕು (ಕಾಲಂ ಅಕ್ಷರ, ಫಂಕ್ಷನ್ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು). ಫಾರ್ಮುಲಾ ಬರೆಯುವುದು ಆಯ್ಕೆಯ ಮೊದಲ ಸೆಲ್‌ಗೆ; ಉಳಿದವುಗಳಿಗೆ ಅದನ್ನು ಹೊಂದಿಸಿಕೊಳ್ಳುವುದು ಎಕ್ಸೆಲ್‌ನ ಕೆಲಸ. ಹೆಚ್ಚಿನ ಎಡವಟ್ಟುಗಳ ಮೂಲ ಈ ಒಂದು ಸಂಗತಿ ತಿಳಿಯದಿರುವುದೇ. ಆಯ್ಕೆ ಎ1ರಿಂದ ಶುರುವಾಗಿ ಫಾರ್ಮುಲಾದಲ್ಲಿ ಡಿ2 ಇದ್ದರೆ, ಬಣ್ಣ ಒಂದು ಸಾಲು ಮೇಲಕ್ಕೆ ಸರಿದು ಹಣ ಕಟ್ಟಿದವರ ಹೆಸರೂ ಕೆಂಪಾಗಬಹುದು.

ಡಾಲರ್ ಚಿಹ್ನೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದೂ ತಪ್ಪು. ಚಿಹ್ನೆಯೇ ಇಲ್ಲದಿದ್ದರೆ ಬಿ2 ಸೆಲ್ ಡಿ2ರ ಬದಲು ಇ2ನ್ನು ನೋಡುತ್ತದೆ. ಎರಡೂ ಕಡೆ ಇದ್ದರೆ, ಅಂದರೆ $ಡಿ$2 ಆದರೆ, ಇಡೀ ಪಟ್ಟಿ ಆ ಒಂದೇ ಸೆಲ್‌ಗೆ ಕಟ್ಟುಬಿದ್ದು ಪೂರ್ತಿ ಕೆಂಪಾಗುತ್ತದೆ, ಇಲ್ಲವೇ ಪೂರ್ತಿ ಬೆಳ್ಳಗುಳಿಯುತ್ತದೆ. ಮೌಸ್‌ನಿಂದ ಸೆಲ್ ಕ್ಲಿಕ್ಕಿಸಿದಾಗ ಎಕ್ಸೆಲ್ ತಾನಾಗಿಯೇ ಹಾಕುವುದು ಈ ಎರಡು ಡಾಲರ್‌ಗಳ ರೂಪವನ್ನೇ. ಎಫ್4 ಕೀಲಿಯನ್ನು ಎರಡು ಸಲ ಒತ್ತಿದರೆ ಬೇಕಾದ $ಡಿ2 ಸಿಗುತ್ತದೆ.

ಫಾರ್ಮುಲಾ ಎಂದಮೇಲೆ 'ಇಫ್' ಇರಲೇಬೇಕು ಎನ್ನುವವರಿದ್ದಾರೆ. ಹೋಲಿಕೆಯೇ ಸರಿ ಅಥವಾ ತಪ್ಪು ಎಂಬ ಉತ್ತರ ಕೊಡುವುದರಿಂದ ಅದರ ಅಗತ್ಯವಿಲ್ಲ.

ಖಾಲಿ ಸೆಲ್‌ಗೆ ನಿಯಮ ತಾಗುವುದಿಲ್ಲ ಎಂಬ ಕಲ್ಪನೆ ಹೆಚ್ಚು ಅಪಾಯಕಾರಿ. ಗಡುವು ಮೀರಿದವರನ್ನು ಗುರುತಿಸಲು =$ಸಿ2<ಟುಡೇ() ಎಂದು ಬರೆದರೆ, ಗಡುವನ್ನೇ ನಮೂದಿಸದ ಸದಸ್ಯರೂ ಕೆಂಪು ಪಟ್ಟಿಗೆ ಸೇರುತ್ತಾರೆ; ಏಕೆಂದರೆ ಈ ಹೋಲಿಕೆಯಲ್ಲಿ ಖಾಲಿ ಸೆಲ್ ಎಂದರೆ ಸೊನ್ನೆ. =ಆ್ಯಂಡ್($ಸಿ2<>"",$ಸಿ2<ಟುಡೇ()) ಎಂದರೆ ಈ ಅನ್ಯಾಯ ತಪ್ಪುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: 'ಬಾಕಿ' ಎಂಬುದರ ಮುಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದಿದ್ದರೆ ಎಕ್ಸೆಲ್‌ಗೆ ಅದು ಬೇರೆಯೇ ಪದ, ಆ ಸಾಲಿಗೆ ಬಣ್ಣ ಬರುವುದಿಲ್ಲ. ಡಿ2ನ್ನು 'ಟ್ರಿಮ್' ಫಂಕ್ಷನ್‌ನೊಳಗೆ ಇಟ್ಟರೆ ಹೆಚ್ಚುವರಿ ಸ್ಪೇಸ್ ಲೆಕ್ಕಕ್ಕೆ ಬರುವುದಿಲ್ಲ.

ಬೇರೆ ಶೀಟ್‌ನ ಸೆಲ್ ಮೇಲೆ ಷರತ್ತು ಇಡಲಾಗದು ಎಂಬುದು ಎಕ್ಸೆಲ್ 2007ರವರೆಗೆ ನಿಜವಾಗಿತ್ತು. 2010ರ ಆವೃತ್ತಿಯಿಂದ ನೇರವಾಗಿಯೇ ಇಡಬಹುದು. ಗೂಗಲ್ ಶೀಟ್ಸ್‌ನಲ್ಲಿ 'ಇನ್‌ಡೈರೆಕ್ಟ್' ಫಂಕ್ಷನ್ ಬಳಸಬೇಕು.

ಬಣ್ಣ ಬಂದ ಸೆಲ್‌ನ ಮೌಲ್ಯವೂ ಬದಲಾಗುತ್ತದೆ, ಕೆಂಪು ಸೆಲ್‌ಗಳನ್ನು 'ಕೌಂಟ್‌ಇಫ್' ಎಣಿಸುತ್ತದೆ ಎಂದೂ ಕೆಲವರು ಭಾವಿಸುತ್ತಾರೆ. ನಿಯಮ ಬದಲಿಸುವುದು ತೋರಿಕೆಯನ್ನು ಮಾತ್ರ. 'ಕೌಂಟ್‌ಇಫ್'ಗೆ ಬಣ್ಣ ಕಾಣಿಸುವುದಿಲ್ಲ. ಎಷ್ಟು ಜನರ ಬಾಕಿ ಇದೆ ಎಂದು ತಿಳಿಯಲು ಡಿ ಕಾಲಂನಲ್ಲಿರುವ 'ಬಾಕಿ' ಎಂಬ ಪದವನ್ನೇ ಎಣಿಸಬೇಕು. ಕೆಂಪು ಸಾಲುಗಳನ್ನಷ್ಟೇ ಬೇರ್ಪಡಿಸಿ ನೋಡಲು ಮಾತ್ರ 'ಫಿಲ್ಟರ್ ಬೈ ಕಲರ್' ನೆರವಾಗುತ್ತದೆ.