ಬಾಯಿ ಕಹಿಯಾದರೆ ಪಿತ್ತವೇ ಕಾರಣವೇ?

ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಕಹಿ ಎಂದರೆ ನಮ್ಮ ಮನೆಗಳಲ್ಲಿ ಸಿಗುವ ತೀರ್ಪು ಒಂದೇ: ಪಿತ್ತ ಜಾಸ್ತಿಯಾಗಿದೆ. ನಿಂಬೆಹಣ್ಣಿನ ಶರಬತ್ತೋ ಶುಂಠಿ ಕಷಾಯವೋ ಕುಡಿ ಎಂಬ ಸಲಹೆ ಅದರ ಬೆನ್ನಿಗೇ ಬರುತ್ತದೆ. ಸಲಹೆ ಎಷ್ಟೋ ಸಲ ಫಲಿಸುವುದರಿಂದ ತೀರ್ಪೂ ಸರಿಯೆಂದೇ ನಂಬುತ್ತೇವೆ. ಆಯುರ್ವೇದ ಹೇಳುವ ಪಿತ್ತದೋಷದ ವ್ಯಾಪ್ತಿ ದೊಡ್ಡದು, ಆ ಚರ್ಚೆ ಇಲ್ಲಿ ಬೇಡ. ಹೊಟ್ಟೆಯಿಂದ ಉಕ್ಕಿ ಬಂದು ನಾಲಿಗೆಯನ್ನು ಕಹಿ ಮಾಡುತ್ತದೆ ಎಂದು ಜನ ನಂಬಿರುವ ಪಿತ್ತರಸದ ಬಗ್ಗೆ ಮಾತ್ರ ನನ್ನ ತಕರಾರು. ಈ ರಸ ತಯಾರಾಗುವುದು ಯಕೃತ್ತಿನಲ್ಲಿ, ಇಳಿಯುವುದು ಸಣ್ಣ ಕರುಳಿಗೆ. ಅಲ್ಲಿಂದ ಬಾಯಿಗೆ ಬರಬೇಕಾದರೆ ಜಠರದ ಕೆಳಬಾಗಿಲು, ಮೇಲ್ಬಾಗಿಲು ಎರಡನ್ನೂ ದಾಟಿ ಇಡೀ ಅನ್ನನಾಳವನ್ನು ಹತ್ತಬೇಕು. ಖಾಲಿ ಹೊಟ್ಟೆಯಲ್ಲಿ ಮತ್ತೆ ಮತ್ತೆ ವಾಂತಿಯಾದಾಗ ಹಳದಿ ನೀರಾಗಿ ಅದು ಬರುವುದುಂಟು, ನಿಜ. ದಿನಾ ಬೆಳಿಗ್ಗೆ ಸದ್ದಿಲ್ಲದೆ ಬಂದು ನಾಲಿಗೆಯ ಮೇಲೆ ಕೂರುವುದು ಮಾತ್ರ ಅಪರೂಪ. ಕೆಟ್ಟ ರುಚಿಯ ಮೂಲವನ್ನು ಮೊದಲು ಬಾಯಲ್ಲಿ, ರಕ್ತದಲ್ಲಿ, ಮೂಗಿನಲ್ಲಿ ಹುಡುಕಬೇಕು. ಹೊಟ್ಟೆಯ ಸರದಿ ಆಮೇಲೆ.

ನಾಲಿಗೆಯ ಮೇಲಿನ ಒಂದೊಂದು ರುಚಿಮೊಗ್ಗಿನಲ್ಲೂ 50ರಿಂದ 100 ಜೀವಕೋಶಗಳಿರುತ್ತವೆ. ಅವು ಸರಾಸರಿ ಹತ್ತು ದಿನಕ್ಕೆ ಸತ್ತು ಹೊಸವು ಹುಟ್ಟುತ್ತವೆ. ಮೊಗ್ಗಿನ ತುದಿಯಲ್ಲಿ ಸೂಕ್ಷ್ಮವಾದ ರಂಧ್ರ; ಜೊಲ್ಲಿನಲ್ಲಿ ಕರಗಿದ ವಸ್ತು ಮಾತ್ರ ಅದರೊಳಗೆ ಇಳಿಯಬಲ್ಲದು. ಹೀಗಾಗಿ ಜೊಲ್ಲು ಹೇಗಿದೆಯೋ ರುಚಿ ಹಾಗೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುವ ಗ್ರಂಥಿಗಳು ನಿದ್ದೆಯಲ್ಲಿ ಬಹುತೇಕ ಕೆಲಸ ನಿಲ್ಲಿಸುತ್ತವೆ. ಆಗ ಬಾಯಿ ಹರಿವು ನಿಂತ ಚರಂಡಿಯಂತೆ. ನಾಲಿಗೆಯ ಹಿಂಭಾಗದ ಒರಟು ಮೇಲ್ಮೈಯಲ್ಲಿ, ಹಲ್ಲುಗಳ ಸಂದಿಯಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಉಳಿದ ಪ್ರೋಟೀನನ್ನು ಒಡೆದು ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್‌ನಂಥ ಗಂಧಕದ ಅನಿಲಗಳನ್ನು ಮಾಡುತ್ತವೆ. ಬಾಯಿ ತೆರೆದು ಮಲಗುವವರಿಗೆ, ನೆಗಡಿ-ಅಲರ್ಜಿಯ ಮಾತ್ರೆ ನುಂಗಿದವರಿಗೆ ಬಾಯಿ ಇನ್ನಷ್ಟು ಒಣಗುವುದರಿಂದ ಕಾಟವೂ ಹೆಚ್ಚು. ಹಾಗಿದ್ದರೆ ನಿಂಬೆಹಣ್ಣಿನಿಂದ ಏಕೆ ಸರಿಹೋಗುತ್ತದೆ? ಹುಳಿ ತಗುಲಿದೊಡನೆ ಜೊಲ್ಲಿನ ಹರಿವು ಹಲವು ಪಟ್ಟು ಏರುತ್ತದೆ, ಬಾಯಿ ತೊಳೆದುಹೋಗುತ್ತದೆ. ಮದ್ದು ಸರಿಯಾದದ್ದೇ, ಅದಕ್ಕೆ ಕೊಟ್ಟ ಕಾರಣ ತಪ್ಪು.

ಎರಡನೆಯ ದಾರಿ ರಕ್ತದ್ದು. ಕಳೆದ ಶತಮಾನದಲ್ಲಿ ಹೃದ್ರೋಗ ವೈದ್ಯರು ರಕ್ತ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ತಿಳಿಯಲು ಒಂದು ವಿಚಿತ್ರ ಪರೀಕ್ಷೆ ಮಾಡುತ್ತಿದ್ದರು. ಡೆಕೋಲಿನ್ ಎಂಬ ಕಹಿ ಔಷಧದ ಶೇ 20ರ ದ್ರಾವಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚಿ, ಗಡಿಯಾರ ಹಿಡಿದು ಕಾಯುವುದು. ಆರೋಗ್ಯವಂತರು ಸುಮಾರು 10ರಿಂದ 16 ಸೆಕೆಂಡಿನೊಳಗೆ ‘ಬಾಯಿ ಕಹಿ’ ಎನ್ನುತ್ತಿದ್ದರು. ಹೃದಯ ಸೋತವರಿಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಬಾಯಿಗೆ ಒಂದು ಹನಿಯೂ ಹಾಕದೆ ನಾಲಿಗೆ ಕಹಿಯನ್ನು ಕಂಡಿತ್ತು. ಪಿತ್ತವಾದಿಗಳು ಇಲ್ಲಿ ಎದ್ದು ನಿಲ್ಲಬಹುದು, ಏಕೆಂದರೆ ಡೆಕೋಲಿನ್ ತಯಾರಾಗುತ್ತಿದ್ದುದೇ ಪಿತ್ತಾಮ್ಲದಿಂದ! ಆದರೆ ಇದೇ ಪರೀಕ್ಷೆಯನ್ನು ಸ್ಯಾಕರಿನ್ ಚುಚ್ಚಿಯೂ ಮಾಡುತ್ತಿದ್ದರು, ಆಗ ಬಾಯಿ ಸಿಹಿಯಾಗುತ್ತಿತ್ತು. ಇದು ಪಿತ್ತದ ವಿಶೇಷವಲ್ಲ, ರಕ್ತದಲ್ಲಿರುವುದು ನಾಲಿಗೆಗೆ ತಿಳಿಯುತ್ತದೆ ಎಂಬುದರ ಸಾಕ್ಷಿ. ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್ ನುಂಗಿದವರಿಗೆ ಬಾಯಲ್ಲಿ ಕಬ್ಬಿಣ ಇಟ್ಟುಕೊಂಡಂತೆ ಅನ್ನಿಸುವುದು ಇದರಿಂದಲೇ: ಮಾತ್ರೆ ಹೊಟ್ಟೆ ಸೇರಿ, ರಕ್ತಕ್ಕೆ ಹೋಗಿ, ಜೊಲ್ಲಿನಲ್ಲಿ ಮತ್ತೆ ಬಾಯಿಗೆ ಬರುತ್ತದೆ. ಕ್ಲಾರಿಥ್ರೊಮೈಸಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಾಯಿ ಕೆಡಿಸುವುದಕ್ಕೆ ಹೆಸರಾದವು. ಮೂತ್ರಪಿಂಡ ಸೋತಾಗ ಜೊಲ್ಲಿನಲ್ಲಿ ಯೂರಿಯಾ ಏರುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತದೆ.

ಮೂಗಿನ ಪಾಲನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಬ್ಬಿಣಾಂಶದ ದ್ರಾವಣವನ್ನು ಬಾಯಿಗೆ ಹಾಕಿಕೊಂಡು ಮೂಗು ಮುಚ್ಚಿದರೆ ಅದರ ಲೋಹದ ‘ರುಚಿ’ ಬಹುಪಾಲು ಮಾಯವಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕಬ್ಬಿಣ ಬಾಯಿಯೊಳಗಿನ ಕೊಬ್ಬಿನೊಂದಿಗೆ ವರ್ತಿಸಿ ಹುಟ್ಟಿಸುವ ವಾಸನೆ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ, ನಾವು ನಾಲಿಗೆಯ ಹೆಸರು ಹೇಳುತ್ತೇವೆ. ಸೈನಸ್‌ನ ಕೀವು ಗಂಟಲಿಗೆ ಇಳಿಯುವವರ ದೂರೂ ಈ ಜಾತಿಯದೇ. ಇನ್ನು ಜ್ವರ. ಜ್ವರದಲ್ಲಿ ಅನ್ನವೂ ಕಹಿಯಾಗುವುದಕ್ಕೆ ಒಣಬಾಯಿ ಒಂದು ಕಾರಣ. ಸೋಂಕಿನ ವಿರುದ್ಧ ದೇಹ ಹೊರಡಿಸುವ ಟಿಎನ್‌ಎಫ್ ಎಂಬ ಪ್ರೋಟೀನ್ ಕೂಡ ಕಹಿಯನ್ನು ಹೆಚ್ಚಿಸುತ್ತಿರಬಹುದು. ಆ ಪ್ರೋಟೀನ್ ಇಲ್ಲದ ಇಲಿಗಳಿಗೆ ಕಹಿ ಅಷ್ಟಾಗಿ ತಾಗದು.

ಹೊಟ್ಟೆಗೆ ಏನೂ ಸಂಬಂಧವಿಲ್ಲ ಎಂದೇನಲ್ಲ. ತಡರಾತ್ರಿ ಹೊಟ್ಟೆ ಬಿರಿಯೆ ಉಂಡು ಕೂಡಲೇ ಮಲಗಿದರೆ ಜಠರದ ಆಮ್ಲ ಮೇಲೇರುತ್ತದೆ. ಹುಳಿತೇಗು, ಎದೆಯುರಿ ಜೊತೆಗಿದ್ದರೆ ಮೂಲ ಅಲ್ಲೇ ಎನ್ನಬಹುದು. ಅಂಥವರಿಗೆ ನಿಂಬೆಹಣ್ಣು ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ. ಕಾರಣ ತಪ್ಪಾಗಿ ಹಿಡಿದರೆ ಆಗುವ ನಷ್ಟ ಇದು. ಔಷಧದ ಅಂಗಡಿಯಿಂದ ತಂದ ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ತಿಂಗಳುಗಟ್ಟಲೆ ಬಾಯಿ ಮುಕ್ಕಳಿಸುವುದೂ ಜಾಣತನವಲ್ಲ. ಅದು ರುಚಿಯನ್ನೇ ಕೆಡಿಸಿ ಹಲ್ಲಿಗೆ ಕಂದು ಕಲೆ ಹಿಡಿಸಬಲ್ಲದು. ಸತುವಿನ ಕೊರತೆಯಿಂದ ರುಚಿ ಕೆಡುವುದುಂಟು, ಆದರೆ ಕೊರತೆ ಇಲ್ಲದವರಿಗೆ ಸತುವಿನ ಮಾತ್ರೆಯಿಂದ ಲಾಭವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಮೊದಲು ಮಾಡಬೇಕಾದದ್ದು ಅಗ್ಗದ ಕೆಲಸ: ಮಲಗುವ ಮುನ್ನ ಹಲ್ಲುಜ್ಜಿ, ನಾಲಿಗೆಯ ಹಿಂಭಾಗವನ್ನು ಹಗುರವಾಗಿ ಕೆರೆದು, ದಿನವಿಡೀ ಸಾಕಷ್ಟು ನೀರು ಕುಡಿಯುವುದು. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಹಲ್ಲಿನ ವೈದ್ಯರಲ್ಲಿಗೆ ಹೋಗಬೇಕು. ಹೊಸ ಮಾತ್ರೆ ಶುರುವಾದ ಮೇಲೆ ಬಾಯಿ ಕೆಟ್ಟಿದ್ದರೆ, ಮಾತ್ರೆಯನ್ನು ನೀವಾಗಿ ನಿಲ್ಲಿಸದೆ ಬರೆದುಕೊಟ್ಟವರನ್ನೇ ಕೇಳಿ. ಎರಡು ಮೂರು ವಾರ ಕಳೆದರೂ ಹೋಗದಿದ್ದರೆ, ಅಥವಾ ತೂಕ ಇಳಿಯುತ್ತಿದ್ದರೆ, ಕಾಲು-ಮುಖ ಊದಿಕೊಂಡಿದ್ದರೆ, ಕಷಾಯವನ್ನು ಪಕ್ಕಕ್ಕಿಟ್ಟು ರಕ್ತಪರೀಕ್ಷೆ ಮಾಡಿಸಿಕೊಳ್ಳಿ.