ಗುಳಿಗೆಯೂ ಮನೆಯ ಮಾತೂ

ಉತ್ತರ ಕರ್ನಾಟಕದಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಧಾರವಾಡಕ್ಕ ಕಳಸಬೇಕೇನ ನಿನ್ನ?" ಎಂದು ಚೇಷ್ಟೆ ಮಾಡುವುದುಂಟು. ದೂರದವರಿಗೆ ಧಾರವಾಡವೆಂದರೆ ಪೇಢೆ, ಕವಿಗಳು, ಶ್ರಾವಣದ ಜಿಟಿಜಿಟಿ ಮಳೆ. ಸುತ್ತಲಿನ ಹಳ್ಳಿಯವರಿಗೆ ಮಾತ್ರ ಅದು ಮುಂಬಯಿ ಇಲಾಖೆಯ ಕಾಲದಿಂದಲೂ ಹುಚ್ಚರ ಆಸ್ಪತ್ರೆಯ ಊರು. ಆಸ್ಪತ್ರೆಯ ಹೆಸರು ಬದಲಾಯಿತು, ಚೇಷ್ಟೆ ಬದಲಾಗಲಿಲ್ಲ. ಅದೇ ಊರಿನಲ್ಲಿ ಹುಟ್ಟಿದ ನಾವೂ ಈ ಮಾತಿಗೆ ನಗುತ್ತಿದ್ದೆವು, ನಮ್ಮ ಕಾಕಾನಿಗೆ ಕಾಯಿಲೆ ಬರುವವರೆಗೆ.

ಅದು 1979ನೆಯ ಇಸವಿ. ಕಾಕಾನಿಗೆ ಆಗ ಇಪ್ಪತ್ತಮೂರು ವರ್ಷ, ಬಿ.ಕಾಂ. ಮುಗಿಸಿ ಗುಮಾಸ್ತಿಕೆಗೆ ಸೇರಿ ವರ್ಷವೂ ತುಂಬಿರಲಿಲ್ಲ. ಮೊದಲು ಊಟ ಕಡಿಮೆಯಾಯಿತು, ನಿದ್ದೆ ಹೋಯಿತು. ಆಮೇಲೊಂದು ದಿನ, ಬಾನುಲಿಯ ವಾರ್ತೆಯಲ್ಲಿ ತನ್ನ ವಿಷಯವನ್ನೇ ಓದುತ್ತಿದ್ದಾರೆಂದು ಹೇಳತೊಡಗಿದ. ಆಯಿ ರೇಡಿಯೋ ಬಂದು ಮಾಡಿ, ಅದಕ್ಕೊಂದು ಹಳೆಯ ಧೋತರ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಧ್ವನಿ ರೇಡಿಯೋದ್ದಲ್ಲವಾದ್ದರಿಂದ ಅದು ನಿಲ್ಲಲಿಲ್ಲ. ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತಲು ನಮಗೆ ಎಂಟು ತಿಂಗಳು ಬೇಕಾಯಿತು. ಆಸ್ಪತ್ರೆಯೋ, ಮನೆಯಿಂದ ಬಹಳ ದೂರವೇನೂ ಇರಲಿಲ್ಲ! ದೂರವಿದ್ದದ್ದು ಓಣಿಯವರ ಕಣ್ಣು ದಾಟುವ ದಾರಿ.

ವೈದ್ಯರು ಹೇಳಿದ ಹೆಸರು ಸ್ಕಿಜೋಫ್ರೀನಿಯಾ. ಒಬ್ಬನಲ್ಲಿ ಇಬ್ಬರು ಮನುಷ್ಯರಿರುವ ರೋಗವೆಂದು ಇದನ್ನು ತಿಳಿಯುವವರು ಬಹಳ, ಅದು ತಪ್ಪು. ಇಲ್ಲದ ಧ್ವನಿ ಕೇಳುವುದು, ಆಧಾರವಿಲ್ಲದ ಸಂಶಯ ಗಟ್ಟಿಯಾಗುವುದು, ವಿಚಾರದ ಎಳೆ ಕಡಿದುಹೋಗುವುದು, ಯಾವುದರಲ್ಲಿಯೂ ಮನಸ್ಸೇ ಇಲ್ಲದಂತಾಗುವುದು ಇದರ ಲಕ್ಷಣಗಳು. ಹೆಚ್ಚಾಗಿ ಹರೆಯದಲ್ಲಿಯೇ ಕಾಣಿಸಿಕೊಳ್ಳುತ್ತದೆ. ತಾಯಿ ಸಾಕಿದ್ದು ಸರಿಯಾಗಲಿಲ್ಲವೆಂದು ಬರುವ ಕಾಯಿಲೆಯಲ್ಲ ಇದು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದಂದಿನಿಂದ, ಈ ಧ್ವನಿಗಳನ್ನು ತಗ್ಗಿಸುವ ಗುಳಿಗೆಗಳು ಬಂದಿವೆ. ಮಿದುಳಿನಲ್ಲಿ ಡೋಪಮೀನ್ ಎಂಬ ರಸಾಯನದ ಕೆಲಸವನ್ನು ಅವು ಹಿಡಿತದಲ್ಲಿಡುತ್ತವೆ. ಆದರೆ ಜ್ವರದ ಗುಳಿಗೆಯಂತೆ ನಾಲ್ಕು ದಿನ ನುಂಗಿ ಬಿಡುವಂಥವಲ್ಲ. ಧ್ವನಿ ನಿಂತ ಮೇಲೆಯೂ ತಿಂಗಳುಗಟ್ಟಲೆ, ಅನೇಕರಿಗೆ ವರ್ಷಗಟ್ಟಲೆ ಬೇಕು.

ನಾವು ಎಡವಿದ್ದು ಇಲ್ಲಿಯೇ. ಮೂರು ತಿಂಗಳಲ್ಲಿ ಕಾಕಾ ಮೊದಲಿನಂತಾದ, ಕೆಲಸಕ್ಕೂ ಹೋಗತೊಡಗಿದ. ವರ್ಷ ಕಳೆಯುವುದರೊಳಗೆ ಹುಬ್ಬಳ್ಳಿಯಿಂದ ಒಂದು ಹೆಣ್ಣಿನ ಕಡೆಯವರು ಬರುವವರಿದ್ದರು. ಕಪಾಟಿನಲ್ಲಿ ಗುಳಿಗೆಯ ಚೀಟಿ ಕಂಡರೆ ಗತಿಯೇನು? "ಈಗ ಛಲೋ ಆಗ್ಯಾನಲ್ಲ, ಇನ್ನ ಯಾಕ ಬೇಕು" ಎಂದು ಆಯಿ ನಿಲ್ಲಿಸಿಬಿಟ್ಟಳು. ಅಪ್ಪನೂ ಹೂಂ ಎಂದ. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳು ಕಾಕಾ ರಾತ್ರಿ ಹಿತ್ತಲಲ್ಲಿ ನಿಂತು ಗೋಡೆಯೊಡನೆ ಜಗಳವಾಡಿದ. ಲಗ್ನವೂ ಮುರಿಯಿತು, ನೌಕರಿಯೂ ಹೋಯಿತು. ಆ ಹೆಣ್ಣಿನವರಿಗೆ ಮೊದಲೇ ಹೇಳಿದ್ದರೆ ಏನಾಗುತ್ತಿತ್ತೋ ತಿಳಿಯದು. ಹೇಳುವುದು ಮಾತ್ರ ನಮ್ಮ ಧರ್ಮವಾಗಿತ್ತು.

ಎರಡನೆಯ ಸಲ ವೈದ್ಯರು ರೋಗಿಗಿಂತ ನಮ್ಮನ್ನೇ ಹೆಚ್ಚು ಪ್ರಶ್ನಿಸಿದರು. ಮನೆಯಲ್ಲಿ ಯಾರು ಹೇಗೆ ಮಾತಾಡುತ್ತೀರಿ? ಇದರ ಹಿಂದೊಂದು ಶೋಧನೆಯ ಕಥೆಯಿದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ, ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳ ಬೆನ್ನುಹತ್ತಿ ನೋಡಿ, 1958ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದ: ತಂದೆತಾಯಿಗಳ ಇಲ್ಲವೆ ಹೆಂಡತಿಯ ಬಳಿಗೆ ಹೋದವರಿಗಿಂತ, ಬಾಡಿಗೆಯ ಕೋಣೆಗೋ ಅಣ್ಣತಮ್ಮಂದಿರ ಮನೆಗೋ ಹೋದವರು ಚೆನ್ನಾಗಿದ್ದರು. ಪ್ರೀತಿಯಿದ್ದಲ್ಲಿಯೇ ರೋಗ ಮರಳುವುದೆಂದರೇನು? ಆಮೇಲೆ ಮನೆಯವರ ಮಾತನ್ನು ಟೇಪಿನಲ್ಲಿ ಹಿಡಿದು ತೂಗಿ ನೋಡಿದರು. ಟೀಕೆ, ದ್ವೇಷ, ಅತಿಯಾದ ಆರೈಕೆ ಈ ಮೂರೂ ಲೆಕ್ಕಕ್ಕೆ ಬಂದವು. ಇವು ಹೆಚ್ಚಿದ್ದ ಮನೆಗಳಲ್ಲಿ ಒಂಬತ್ತು ತಿಂಗಳೊಳಗೆ ನೂರಕ್ಕೆ 58 ಮಂದಿಗೆ ರೋಗ ಮರುಕಳಿಸಿತು. ಕಡಿಮೆಯಿದ್ದಲ್ಲಿ 16 ಮಂದಿಗೆ. ಇದು 1972ರ ವರದಿ. ಇನ್ನೊಂದು ಮಾತು: ಅಂಥ ಮನೆಯಲ್ಲಿಯೂ ವಾರಕ್ಕೆ 35 ತಾಸಿಗಿಂತ ಕಡಿಮೆ ಮುಖಾಮುಖಿಯಾಗಿದ್ದರೆ ಅಪಾಯ ಬಹಳಷ್ಟು ತಗ್ಗುತ್ತಿತ್ತು. ಮನೆಯವರೇ ರೋಗ ತಂದರೆಂದು ಇದರ ಅರ್ಥವಲ್ಲ. ಎದ್ದು ಕುಳಿತವನ ಮೇಲೆ ಬೀಳುವ ಭಾರದ ಲೆಕ್ಕವಿದು.

ಚಂಡೀಗಢದಲ್ಲಿ ಇದೇ ಅಳತೆ ಹಿಡಿದು ನೋಡಿದಾಗ, ಅಲ್ಲಿಯ ಮನೆಯವರು ಲಂಡನ್ನಿನವರಿಗಿಂತ ಕಡಿಮೆ ಟೀಕಿಸುತ್ತಾರೆಂದೂ, ಹಳ್ಳಿಯವರು ಇನ್ನೂ ಕಡಿಮೆಯೆಂದೂ ಕಂಡುಬಂತು. 1987ರಲ್ಲಿ ಅದು ಪ್ರಕಟವಾಯಿತು. ಕೇಳಿ ಹೆಮ್ಮೆಯೆನಿಸುವುದೇನೋ ನಿಜ. ಆದರೆ ನಮ್ಮಪ್ಪನ ನಾಲಿಗೆ ಆ ಲೆಕ್ಕದಲ್ಲಿ ಕೂಡುತ್ತಿರಲಿಲ್ಲ. "ದಂಡಪಿಂಡ, ಕೂತು ತಿಂತಾನ" ಎಂಬುದು ಅವನ ದಿನದ ಮಂತ್ರ. ರೋಗವೇ ಉತ್ಸಾಹವನ್ನು ಕಿತ್ತುಕೊಳ್ಳುತ್ತದೆ, ಅದು ಮೈಗಳ್ಳತನವಲ್ಲವೆಂದು ಅವನಿಗೆ ಯಾರು ಹೇಳಬೇಕು? ಆಯಿಯದು ಇನ್ನೊಂದು ಅತಿ. ಇಪ್ಪತ್ತೈದು ವರ್ಷದ ಮಗನಿಗೆ ತುತ್ತು ಮಾಡಿ ಕೊಡುವಳು. ಅವನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಲ್ಲುವಳು.

ವೈದ್ಯರು ಆಯಿಗೆ ಹೇಳಿದ್ದು ಇಷ್ಟೇ: "ಅವ್ವಾ, ದಿನಾ ಎರಡು ತಾಸು ಅವರು ನಿಮ್ಮ ಕಣ್ಣ ಮುಂದ ಇರಬಾರದು ನೋಡ್ರಿ." ದಾರಿ ತೋರಿಸಿದವರು ಓಣಿಯ ಹಿಟ್ಟಿನ ಗಿರಣಿಯ ಮಾಲಕರು. ಅವರು ತಾವಾಗಿಯೇ ಬಂದು, "ರಾಯರ, ನಮ್ಮಲ್ಲೆ ಡಬ್ಬಿ ಅದಲುಬದಲಾಗಿ ದಿನಾ ಜಗಳ. ಹೆಸರು ಬರೀಲಿಕ್ಕೆ ನಿಮ್ಮ ತಮ್ಮನ್ನ ಕಳಸ್ರಿ" ಎಂದು ಅಪ್ಪನನ್ನು ಕೇಳಿದರು. ನಾವು ಎರಡು ವರ್ಷ ಮುಚ್ಚಿಟ್ಟ ಗುಟ್ಟು ಓಣಿಗೆಲ್ಲ ಗೊತ್ತಿತ್ತೆಂದು ಆವತ್ತು ತಿಳಿಯಿತು. ಕಾಕಾ ಮುಂಜಾನೆ ಎರಡು ತಾಸು ಪಾಟಿಯ ಮೇಲೆ ಹೆಸರು, ತೂಕ, ಹಣ ಬರೆದ. ಗಿರಣಿಯ ಸದ್ದಿನಲ್ಲಿ ಬೇರೆ ಧ್ವನಿ ಕೇಳುವುದಿಲ್ಲವೆಂದು ಒಮ್ಮೆ ನನಗೆ ಹೇಳಿದ್ದ. ಎರಡು ತಾಸು ನಾಲ್ಕಾಯಿತು. ಗಿರಣಿ ಮುಚ್ಚುವವರೆಗೆ, ಇಪ್ಪತ್ತೊಂದು ವರ್ಷ ಆ ಪಾಟಿ ಅವನ ಕೈಯಲ್ಲಿತ್ತು. ನಡುವೆ ಒಮ್ಮೆ ರೋಗ ಮರಳಿತು. ಆಗ ಎಂಟು ತಿಂಗಳು ಕಾಯದೆ ಎರಡನೆಯ ದಿನವೇ ಹೋದೆವು.

ಈಗ ದಾರಿ ಅಷ್ಟು ಕಠಿಣವಲ್ಲ. 2022ರ ಅಕ್ಟೋಬರಿನಿಂದ ಸರಕಾರದ ಟೆಲಿಮಾನಸ್ ಸೇವೆ ಇದೆ. 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ, ಹಣ ಕೊಡಬೇಕಿಲ್ಲ. ಮನೆಯವರೂ ಕೇಳಬಹುದು.

ಗಿರಣಿಗೆ ಹೋಗತೊಡಗಿದ ಮರುವರ್ಷ ಕಾಕಾನೇ ಅಟ್ಟ ಹತ್ತಿ ರೇಡಿಯೋ ಇಳಿಸಿದ. ಧೋತರ ಬಿಚ್ಚಿ, ಧೂಳು ಒರೆಸಿ, ವಾರ್ತೆಗೆ ಹಚ್ಚಿ ಕುಳಿತ. ಆಯಿ ಅಡಿಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ವಾರ್ತೆ ಮುಗಿದ ಮೇಲೆ ಅವನು ತಿರುಗಿ ನೋಡಿ, "ಗೋದಿ ರೇಟ್ ಏರೇತಂತ, ಆಯಿ" ಎಂದ.